ಅಂಡಾಣುವಿನ ದೀರ್ಘ ನಿರೀಕ್ಷೆ



ನಿಮ್ಮ ತಾಯಿಯವರು ತಮ್ಮ ತಾಯಿಯ ಗರ್ಭದಲ್ಲಿದ್ದಾಗಲೇ, ಮುಂದೆ ನಿಮ್ಮ ಹುಟ್ಟಿಗೆ ಕಾರಣವಾಗಲಿದ್ದ ಅಂಡಾಣು ಅವರ ಪುಟ್ಟ ಅಂಡಾಶಯದಲ್ಲಿ ಬಂದು ನೆಲೆಸಿತ್ತು. ಅಂದರೆ ನಮ್ಮ ಜೀವದ ಅರ್ಧಭಾಗವನ್ನು ಕೆಲವು ತಿಂಗಳ ಕಾಲ ನಮ್ಮ ಅಜ್ಜಿಯರೂ ಹೊತ್ತಿದ್ದರು. ಇದು ಕವಿಕಲ್ಪನೆಯಲ್ಲ, ಜೀವಶಾಸ್ತ್ರದ ಮಾತು.

ಹೆಣ್ಣು ಭ್ರೂಣಕ್ಕೆ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ ಸುಮಾರು 60ರಿಂದ 70 ಲಕ್ಷ ಅಂಡಾಣುಗಳು ಇರುತ್ತವೆ. ಅಲ್ಲಿಂದ ಮುಂದೆ ಅವು ಕಡಿಮೆಯಾಗುತ್ತಲೇ ಹೋಗುತ್ತವೆ. ಮಗು ಹುಟ್ಟುವಾಗ 10ರಿಂದ 20 ಲಕ್ಷ, ಹುಡುಗಿ ಋತುಮತಿಯಾಗುವಾಗ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಇವುಗಳಲ್ಲಿ ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು ಸುಮಾರು ನಾನೂರು ಮಾತ್ರ. ಮೊದಲು ಹೊರಬರುವ ಅಂಡಾಣು ಹನ್ನೆರಡು ಹದಿಮೂರು ವರ್ಷ ಕಾದಿರುತ್ತದೆ. ಕೊನೆಯದು ಸುಮಾರು ಐವತ್ತು ವರ್ಷ ಕಾದಿರುತ್ತದೆ. ನಮ್ಮ ಶರೀರದಲ್ಲಿ ಚರ್ಮದ ಕೋಶಗಳು ವಾರಗಳಲ್ಲಿ ಉದುರಿ ಹೋಗುತ್ತವೆ, ರಕ್ತದ ಕೆಂಪುಕಣಗಳು ನಾಲ್ಕು ತಿಂಗಳಲ್ಲಿ ಅಳಿಯುತ್ತವೆ. ಅಂತಹ ಶರೀರದಲ್ಲಿ ಈ ಒಂದು ಕೋಶ ಇಷ್ಟು ದೀರ್ಘಕಾಲ ಯಾರಿಗಾಗಿ, ಯಾರ ಆಜ್ಞೆಯಿಂದ ಕಾದು ಕುಳಿತಿರುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರ ಇತಿಹಾಸವೇ ಇಂದಿನ ಬರಹದ ವಿಷಯ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವುದು ನಾಲ್ಕು ಸಾಲು. ವಾಸ್ತವದಲ್ಲಿ ಇದು ಮೂರೂವರೆ ಶತಮಾನಗಳ ಕಥೆ.

ಅಂಡಾಣುವನ್ನು ಕಂಡವರು

ರಕ್ತಪರಿಚಲನೆಯನ್ನು ನಿರೂಪಿಸಿದ ವಿಲಿಯಂ ಹಾರ್ವೆಯ ಹೆಸರು ನಿಮಗೆ ನೆನಪಿರಬೇಕು. ಆತ 1651ರಲ್ಲಿ ಪ್ರಾಣಿಗಳ ಸಂತಾನೋತ್ಪತ್ತಿಯ ಬಗ್ಗೆಯೂ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಸಕಲ ಜೀವಿಗಳೂ ಅಂಡದಿಂದಲೇ ಹುಟ್ಟುತ್ತವೆ ಎಂಬುದು ಆ ಗ್ರಂಥದ ಮುಖಚಿತ್ರದ ಘೋಷಣೆ. ವಿಚಿತ್ರವೆಂದರೆ ಸಸ್ತನಿಯ ಅಂಡಾಣುವನ್ನು ಹಾರ್ವೆ ಕಂಡಿರಲೇ ಇಲ್ಲ. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಬೇಟೆಯಾಡಿದ ಜಿಂಕೆಗಳ ಗರ್ಭಾಶಯಗಳನ್ನು ಕೊಯ್ದು ಹುಡುಕಿದರೂ ಅವನಿಗೆ ಏನೂ ಸಿಗಲಿಲ್ಲ.

1672ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ವೈದ್ಯ ರೆನಿಯೆ ಡಿ ಗ್ರಾಫ್ ಅಂಡಾಶಯದ ಮೇಲೆ ಉಬ್ಬಿಕೊಂಡಿರುವ ದ್ರವ ತುಂಬಿದ ಗುಳ್ಳೆಗಳನ್ನು ವಿವರವಾಗಿ ವರ್ಣಿಸಿದ. ಅಂಡ ಇರುವುದು ಇಲ್ಲಿಯೇ ಎಂದು ಆತ ತರ್ಕಿಸಿದ. ಮರುವರ್ಷವೇ, ಇನ್ನೂ 32ರ ಹರೆಯದಲ್ಲಿ ತೀರಿಕೊಂಡ. ಆ ಗುಳ್ಳೆಗಳಿಗೆ ಇಂದಿಗೂ ಅವನ ಹೆಸರಿದೆ. ಗ್ರಾಫಿಯನ್ ಫಾಲಿಕಲ್ ಎಂದು ನೀವು ಓದಿದ್ದು ಅದನ್ನೇ.

ಗುಳ್ಳೆಯೊಳಗಿನ ನಿಜವಾದ ಅಂಡಾಣು ಕಣ್ಣಿಗೆ ಬಿದ್ದದ್ದು ಅದಾಗಿ ಒಂದೂವರೆ ಶತಮಾನದ ಬಳಿಕ. 1827ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ನಾಯಿಯೊಂದರ ಅಂಡಾಶಯವನ್ನು ಪರೀಕ್ಷಿಸುತ್ತಿದ್ದಾಗ ಫಾಲಿಕಲ್ಲಿನೊಳಗೆ ಒಂದು ಹಳದಿ ಚುಕ್ಕೆ ಕಾಣಿಸಿತು. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರು ಸಿಡಿಲು ಬಡಿದಂತೆ ಬೆಚ್ಚಿ ಹಿಂದೆ ಸರಿದರಂತೆ. ಮತ್ತೊಮ್ಮೆ ನೋಡಲು ಧೈರ್ಯ ತಂದುಕೊಳ್ಳಬೇಕಾಯಿತೆಂದು ಅವರೇ ಬರೆದುಕೊಂಡಿದ್ದಾರೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಆ ಕೋಶವನ್ನು ಕಾಣಲು ಮನುಷ್ಯನಿಗೆ ಇಷ್ಟು ಕಾಲ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಅಂಡಾಣು ಪಕ್ವವಾಗಬೇಕಾದರೆ ತನ್ನ ವರ್ಣತಂತುಗಳನ್ನು ಅರ್ಧಕ್ಕಿಳಿಸಿಕೊಳ್ಳಬೇಕು. ಮನುಷ್ಯರಲ್ಲಿ 46 ಇರುವುದು 23 ಆಗಬೇಕು. ಇಲ್ಲವಾದರೆ ವೀರ್ಯಾಣುವಿನ 23 ಸೇರಿದಾಗ ಲೆಕ್ಕ ತಪ್ಪುತ್ತದೆ. ಹೀಗೆ ಅರ್ಧಕ್ಕಿಳಿಸುವ ವಿಶಿಷ್ಟ ಕೋಶವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಅಂಡಾಣು ಈ ಕೆಲಸವನ್ನು ಭ್ರೂಣಾವಸ್ಥೆಯಲ್ಲೇ ಆರಂಭಿಸಿ, ಮೊದಲ ಹಂತದಲ್ಲೇ ಅರ್ಧಕ್ಕೆ ನಿಲ್ಲಿಸಿಬಿಡುತ್ತದೆ. ಆಗ ಅದರ ಕೋಶಕೇಂದ್ರ ದೊಡ್ಡ ಗುಳ್ಳೆಯಂತೆ ಕಾಣುತ್ತದೆ. ವರ್ಷಗಳ ನಂತರ ಕರೆ ಬಂದಾಗ ಆ ಗುಳ್ಳೆ ಕರಗುತ್ತದೆ, ನಿಂತ ವಿಭಜನೆ ಮುಂದುವರಿಯುತ್ತದೆ. ಅಂಡಾಣು ಮಾಗುವುದು ಎಂದರೆ ಇದೇ.

ಬಿಡಿಸಿದರೆ ತಾನೇ ಮಾಗುವ ಅಂಡಾಣು

ಈಗ ಕಥೆ ಅಮೆರಿಕಕ್ಕೆ ಹೋಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಗ್ರೆಗರಿ ಪಿಂಕಸ್ (ಮುಂದೆ ಗರ್ಭನಿರೋಧಕ ಗುಳಿಗೆಯ ಶೋಧದಿಂದ ಪ್ರಸಿದ್ಧರಾದವರು) ತಮ್ಮ ಸಹೋದ್ಯೋಗಿ ಎನ್ಜ್‌ಮನ್ ಅವರೊಡನೆ 1935ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೊಲದ ಅಂಡಾಣುವನ್ನು ಫಾಲಿಕಲ್ಲಿನಿಂದ ಹೊರತೆಗೆದು ಗಾಜಿನ ಬಟ್ಟಲಿನ ಪೋಷಕ ದ್ರವದಲ್ಲಿಟ್ಟರೆ, ಯಾವ ಹಾರ್ಮೋನನ್ನೂ ಕೊಡದೆ, ಅದು ತಾನಾಗಿಯೇ ಮಾಗಲಾರಂಭಿಸುತ್ತದೆ ಎಂಬುದು ಅವರು ಕಂಡ ಸತ್ಯ.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅಲ್ಲಿಯವರೆಗೆ ಅಂಡಾಣು ಸುಮ್ಮನೆ ಮಲಗಿರುತ್ತದೆ, ಹಾರ್ಮೋನು ಬಂದು ತಟ್ಟಿ ಎಬ್ಬಿಸುತ್ತದೆ ಎಂದು ಭಾವಿಸುವುದೇ ಸಹಜವಾಗಿತ್ತು. ಆದರೆ ಎಬ್ಬಿಸುವವರಾರೂ ಇಲ್ಲದ ಬಟ್ಟಲಿನಲ್ಲಿ ಅದು ಎದ್ದುಬಿಟ್ಟಿತು. ಹಾಗಾದರೆ ಏಳುವ ಶಕ್ತಿ ಅದರಲ್ಲೇ ಇದೆ. ಒಳಗಿದ್ದಾಗ ಅದನ್ನು ಏಳದಂತೆ ಯಾರೋ ಹಿಡಿದಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಬಲಿತ ಮಾವಿನಕಾಯಿಯನ್ನು ಕೊಯ್ದು ಹುಲ್ಲಿನಲ್ಲಿ ಅಡೆ ಹಾಕಿದರೆ ಹಣ್ಣಾಗುತ್ತದಲ್ಲವೆ? ಹೆಚ್ಚುಕಡಿಮೆ ಹಾಗೆಯೇ ಇದೂ. ಫಾಲಿಕಲ್ಲಿನ ಕೋಶಗಳು ಅಂಡಾಣುವನ್ನು ತಡೆಯುವ ಯಾವುದೋ ವಸ್ತುವನ್ನು ಒದಗಿಸುತ್ತಿರಬೇಕೆಂದು ಪಿಂಕಸ್ ಊಹಿಸಿದರು. ಆ ವಸ್ತು ಯಾವುದೆಂದು ತಿಳಿಯಲು ಮುಂದೆ ಎಪ್ಪತ್ತೈದು ವರ್ಷ ಹಿಡಿಯಿತು!

ಗಡಿಯಾರದ ಮುಂದೆ ಎಡ್ವರ್ಡ್ಸ್

ಮನುಷ್ಯರ ಅಂಡಾಣು ಹನ್ನೆರಡು ಗಂಟೆಗಳಲ್ಲಿ ಮಾಗುತ್ತದೆ ಎಂಬುದು ಪಿಂಕಸ್ ಅವರ ಪ್ರಯೋಗಗಳಿಂದ ಬಂದಿದ್ದ ಲೆಕ್ಕ. 1960ರ ಆಸುಪಾಸಿನಲ್ಲಿ ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಈ ಲೆಕ್ಕವನ್ನು ನಂಬಿ ಕೆಲಸ ಆರಂಭಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಡಾಶಯದ ತುಣುಕುಗಳನ್ನು ಮಾಲಿ ರೋಸ್ ಎಂಬ ಸ್ತ್ರೀರೋಗತಜ್ಞೆ ಅವರಿಗೆ ಒದಗಿಸುತ್ತಿದ್ದರು. ಅಂಡಾಣುಗಳು ಸಿಗುತ್ತಿದ್ದುದೇ ಅಪರೂಪ. ಸಿಕ್ಕವನ್ನು ಹನ್ನೆರಡು ಗಂಟೆ ಇಟ್ಟು ನೋಡಿದರೆ ಯಾವ ಬದಲಾವಣೆಯೂ ಇಲ್ಲ. ಇಲಿಯಲ್ಲಿ ಸಾಧ್ಯವಾದದ್ದು ಮನುಷ್ಯರಲ್ಲಿ ಏಕೆ ಇಲ್ಲ?

ಕೊನೆಗೆ ಎಡ್ವರ್ಡ್ಸ್ ಮಾಡಿದ್ದು ಬಲು ಸರಳವಾದ ಕೆಲಸ: ಇನ್ನಷ್ಟು ಹೊತ್ತು ಕಾದರು. ಸುಮಾರು 25 ಗಂಟೆಗಳಾಗುವಾಗ ಕೋಶಕೇಂದ್ರದ ಗುಳ್ಳೆ ಕರಗಿತ್ತು. 36 ಗಂಟೆಗಳ ಹೊತ್ತಿಗೆ ಅಂಡಾಣು ಪಕ್ವವಾಗಿತ್ತು. 1965ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಗೆ ಪ್ರಯೋಗಶಾಲೆಯ ಪುರಾವೆ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಅಂಡಾಣುವನ್ನು ಯಾವಾಗ ಸಂಗ್ರಹಿಸಬೇಕೆಂಬ ಈ ಕಾಲಜ್ಞಾನವೇ ಮುಂದಿನ ಎಲ್ಲಕ್ಕೂ ತಳಹದಿಯಾಯಿತು. ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಅವರೊಡಗೂಡಿ ನಡೆಸಿದ ಶ್ರಮದ ಫಲವಾಗಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಎಂಬ ಪ್ರಥಮ ಪ್ರನಾಳ ಶಿಶು ಜನಿಸಿತು. 2010ರಲ್ಲಿ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪುರಸ್ಕಾರ ಬಂತು.

ಅದೇ 1978ರ ಅಕ್ಟೋಬರ್ 3ರಂದು, ಅಂದರೆ ಸರಿಯಾಗಿ ಹತ್ತು ವಾರಗಳ ನಂತರ, ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯ ಅವರ ಪ್ರಯತ್ನದಿಂದ ಇನ್ನೊಂದು ಪ್ರನಾಳ ಶಿಶು ಹುಟ್ಟಿತು. ಇಂಗ್ಲೆಂಡಿನವರು ಸಹಜವಾಗಿ ಮಾಗುವ ಒಂದೇ ಅಂಡಾಣುವಿಗಾಗಿ ಕಾದಿದ್ದರೆ, ಮುಖ್ಯೋಪಾಧ್ಯಾಯರು ಹಾರ್ಮೋನುಗಳನ್ನು ಕೊಟ್ಟು ಒಂದಕ್ಕಿಂತ ಹೆಚ್ಚು ಅಂಡಾಣುಗಳನ್ನು ಮಾಗಿಸುವ ಮಾರ್ಗ ಹಿಡಿದಿದ್ದರು. ಇಂದು ಜಗತ್ತಿನಾದ್ಯಂತ ಅನುಸರಿಸುವ ಕ್ರಮ ಅದೇ. ಆದರೆ ಆಗ ಸರಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾಗಿ, ಭಾರತದ ಪ್ರಥಮರೆಂಬ ಕೀರ್ತಿ ಪಡೆದಿದ್ದ ಡಾ. ಟಿ. ಸಿ. ಆನಂದ ಕುಮಾರ್ ಅವರೇ ಮುಂದೆ ಮುಖ್ಯೋಪಾಧ್ಯಾಯರ ಹಳೆಯ ಕಾಗದಪತ್ರಗಳನ್ನು ಓದಿ, ಆ ಕೀರ್ತಿ ತಮಗಿಂತ ಮೊದಲು ಅವರಿಗೆ ಸಲ್ಲಬೇಕೆಂದು 1997ರಲ್ಲಿ ಬರೆದರು. ಆ ಲೇಖನ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ತನ್ನ ತಲೆಯ ಮೇಲಿದ್ದ ಕಿರೀಟವನ್ನು ತೆಗೆದು ಮೃತನೊಬ್ಬನ ಹೆಸರಿಗೆ ಒಪ್ಪಿಸುವ ಗುಣವನ್ನು ವಿದ್ಯೆ ಮಾತ್ರ ಕೊಡಬಲ್ಲದು ಎಂದು ನಾನು ನಂಬಿದ್ದೇನೆ.

ಕಪ್ಪೆಯ ಅಂಡದಲ್ಲಿ ಸಿಕ್ಕ ಕೀಲಿಕೈ

ಅಂಡಾಣು ಯಾವಾಗ ಮಾಗುತ್ತದೆ ಎಂಬುದು ತಿಳಿಯಿತು. ಹೇಗೆ ಮಾಗುತ್ತದೆ? ಇದಕ್ಕೆ ಉತ್ತರ ಬಂದದ್ದು ಸಸ್ತನಿಗಳಿಂದಲ್ಲ, ಕಪ್ಪೆಯಿಂದ.

ಜಪಾನಿನ ಯೋಶಿಯೊ ಮಸುಯಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಲೆಮೆಂಟ್ ಮಾರ್ಕರ್ಟ್ ಅವರೊಡನೆ ಸಂಶೋಧನೆ ನಡೆಸಿ, ಬಳಿಕ ಕೆನಡಾದ ಟೊರಾಂಟೊದಲ್ಲಿ ನೆಲೆಸಿದರು. ಕಪ್ಪೆಯ ಅಂಡ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಅದಕ್ಕೆ ಸೂಜಿ ಚುಚ್ಚಬಹುದು. ಪ್ರೊಜೆಸ್ಟರಾನ್ ಹಾರ್ಮೋನಿನಲ್ಲಿ ಅದ್ದಿಟ್ಟರೆ ಅದು ಮಾಗುತ್ತದೆ. ಆದರೆ ಅದೇ ಹಾರ್ಮೋನನ್ನು ಸೂಜಿಯಿಂದ ಅಂಡದ ಒಳಕ್ಕೆ ಹಾಕಿದರೆ ಏನೂ ಆಗುವುದಿಲ್ಲ! ಅಂದರೆ ಹಾರ್ಮೋನು ಹೊರಬಾಗಿಲಲ್ಲಿ ಸುದ್ದಿ ಮುಟ್ಟಿಸುವ ದೂತ ಮಾತ್ರ. ಒಳಗಿನ ಕೆಲಸ ಬೇರೆ ಯಾರದೋ.

ಮಸುಯಿ ಮಾಗಿದ ಅಂಡದ ಒಳರಸವನ್ನು ಒಂದಿಷ್ಟು ಹೀರಿ, ಹಾರ್ಮೋನನ್ನೇ ಕಾಣದ ಇನ್ನೊಂದು ಅಂಡಕ್ಕೆ ಚುಚ್ಚಿದರು. ಅದೂ ಮಾಗಿತು. ಅದರ ರಸವನ್ನು ಮೂರನೆಯದಕ್ಕೆ ಹಾಕಿದಾಗ ಅದೂ ಮಾಗಿತು. ಹೆಪ್ಪು ಹಾಕಿದ ಹಾಲು ಮೊಸರಾಗಿ, ಆ ಮೊಸರು ಮರುದಿನದ ಹಾಲಿಗೆ ಹೆಪ್ಪಾದಂತೆ. 1971ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅವರು ಆ ಅಜ್ಞಾತ ವಸ್ತುವಿಗೆ ಮಾಗುವಿಕೆಯನ್ನು ಪ್ರಚೋದಿಸುವ ಅಂಶ, ಅಂದರೆ ಎಂಪಿಎಫ್ ಎಂದು ಹೆಸರಿಟ್ಟರು. ಅದೇ ಕಾಲಕ್ಕೆ ಅಮೆರಿಕದ ಡೆನ್ನಿಸ್ ಸ್ಮಿತ್ ಮತ್ತು ರಾಬರ್ಟ್ ಎಕರ್ ಕೂಡ ಸ್ವತಂತ್ರವಾಗಿ ಇಂತಹುದೇ ಫಲಿತಾಂಶ ಕಂಡಿದ್ದರು.

ಎಂಪಿಎಫ್ ಎಂದರೇನು? ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಹದಿನೇಳು ವರ್ಷ ಬೇಕಾಯಿತು. 1988ರಲ್ಲಿ ಕೊಲೊರಾಡೊದ ಮ್ಯಾನ್‌ಫ್ರೆಡ್ ಲೋಕಾ, ಮೇರಿಯಾನ್ ಹೇಯ್ಸ್ ಮತ್ತು ಜೇಮ್ಸ್ ಮಾಲರ್ ಅದನ್ನು ಸಾಧಿಸಿದರು. ಅದು ಎರಡು ಪ್ರೋಟೀನುಗಳ ಜೋಡಿಯಾಗಿತ್ತು. ಆಶ್ಚರ್ಯವೆಂದರೆ ಆ ಎರಡೂ ಬೇರೆ ಬೇರೆ ದಾರಿಯಲ್ಲಿ ಆಗಲೇ ಪತ್ತೆಯಾಗಿದ್ದವು. ಒಂದನ್ನು ಪಾಲ್ ನರ್ಸ್ ಯೀಸ್ಟಿನಲ್ಲಿ ಕಂಡಿದ್ದರು. ಇನ್ನೊಂದು, ಸೈಕ್ಲಿನ್ ಎಂಬುದು, 1982ರ ಬೇಸಿಗೆಯಲ್ಲಿ ಟಿಮ್ ಹಂಟ್ ಅವರಿಗೆ ಕಡಲಂಚಿ ಎಂಬ ಮುಳ್ಳುಮೈಯ ಸಮುದ್ರಜೀವಿಯ ಅಂಡದಲ್ಲಿ ಸಿಕ್ಕಿತ್ತು. ಕಪ್ಪೆ, ಯೀಸ್ಟು, ಸಮುದ್ರಜೀವಿ, ಮನುಷ್ಯ, ಎಲ್ಲರಲ್ಲೂ ಕೋಶವಿಭಜನೆಯ ಕೀಲಿಕೈ ಒಂದೇ!

ಈ ಜೋಡಿ ಮಾಡುವ ಕೆಲಸ ಇಷ್ಟು: ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ಗುಂಪೊಂದನ್ನು ಅಂಟಿಸುವುದು. ಫಾಸ್ಫೇಟ್ ಅಂಟಿದೊಡನೆ ಕೆಲವು ಪ್ರೋಟೀನುಗಳು ಕೆಲಸ ಆರಂಭಿಸುತ್ತವೆ, ಕೆಲವು ನಿಲ್ಲಿಸುತ್ತವೆ. ಕಚೇರಿಯ ಕಡತಕ್ಕೆ ಮೊಹರು ಬಿದ್ದಂತೆ. ಜೀವಕೋಶಗಳು ಪರಸ್ಪರ ಮಾತನಾಡುವುದು, ಆಜ್ಞೆ ಕೊಡುವುದು ಬಹುಪಾಲು ಇಂತಹ ಮೊಹರುಗಳ ಮೂಲಕವೇ.

2001ರ ನೊಬೆಲ್ ಪುರಸ್ಕಾರ ಲೆಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಅವರಿಗೆ ಸಂದಿತು. ಮಸುಯಿ ಅವರಿಗೆ ಬರಲಿಲ್ಲ. 1998ರಲ್ಲಿ ಹಾರ್ಟ್‌ವೆಲ್, ನರ್ಸ್ ಅವರೊಡನೆ ಲ್ಯಾಸ್ಕರ್ ಪ್ರಶಸ್ತಿ ಅವರಿಗೆ ದೊರೆತಿತ್ತು ಎಂಬುದಷ್ಟೇ ಸಮಾಧಾನ.

ಹಿಡಿದಿಟ್ಟವರು ಯಾರು?

ಮುಂದಕ್ಕೆ ನಡೆಸುವ ಶಕ್ತಿ ಸಿಕ್ಕಿತು. ಆದರೆ ಪಿಂಕಸ್ ಕೇಳಿದ್ದ ಪ್ರಶ್ನೆ ಬೇರೆ: ತಡೆಯುವವರು ಯಾರು? ವಿಜ್ಞಾನಿಗಳ ಗಮನ ಸಹಜವಾಗಿ ಚಲಿಸುವ ವಸ್ತುವಿನ ಕಡೆ ಹೋಗುತ್ತದೆ. ಚಲಿಸದಂತೆ ಹಿಡಿದಿರುವುದು ಕಣ್ಣಿಗೆ ಬೀಳುವುದು ತಡವಾಗಿ.

ಮೊದಲ ಸುಳಿವು 1974ರಲ್ಲಿ ಬಂತು. ಇಲಿಯ ಅಂಡಾಣುವನ್ನು ಬಟ್ಟಲಿನಲ್ಲಿಟ್ಟಾಗ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಒಂದು ರೂಪವನ್ನು ಬೆರೆಸಿದರೆ ಅದು ಮಾಗುವುದೇ ಇಲ್ಲ ಎಂದು ಚೋ, ಸ್ಟರ್ನ್ ಮತ್ತು ಬಿಗರ್ಸ್ ತೋರಿಸಿದರು. ಈ ಅಣು ಅಂಡಾಣುವಿನಲ್ಲಿ ಹೆಚ್ಚಿರುವವರೆಗೆ ಎಂಪಿಎಫ್ ಬಂಧನದಲ್ಲಿರುತ್ತದೆ. ಅದು ಇಳಿದೊಡನೆ ಎಂಪಿಎಫ್ ಬಿಡುಗಡೆಯಾಗುತ್ತದೆ. ಬಿಡುಗಡೆ ಮಾಡುವ ಪ್ರೋಟೀನು ಸಿಡಿಸಿ25ಬಿ. ಈ ಒಂದು ಪ್ರೋಟೀನಿಲ್ಲದ ಹೆಣ್ಣಿಲಿಗಳು ಉಳಿದಂತೆ ಆರೋಗ್ಯವಾಗಿದ್ದರೂ ಅವುಗಳ ಅಂಡಾಣು ಎಂದಿಗೂ ಏಳುವುದಿಲ್ಲ ಎಂದು 2002ರಲ್ಲಿ ತಿಳಿಯಿತು.

ಹಾಗಾದರೆ ಸೈಕ್ಲಿಕ್ ಎಎಂಪಿಯನ್ನು ವರ್ಷಾನುಗಟ್ಟಲೆ ಕಾಯುವುದು ಯಾರು? ಇದನ್ನು ವಿವರಿಸಲು ನಮ್ಮೂರ ಕೆರೆಯನ್ನು ನೆನೆಯೋಣ. ಕೆರೆಯಲ್ಲಿ ನೀರು ತುಂಬಿರುವವರೆಗೆ ಅಂಡಾಣು ಮಲಗಿರುತ್ತದೆ ಎಂದುಕೊಳ್ಳಿ. ನೀರು ತುಂಬಿರಬೇಕಾದರೆ ಎರಡು ಸಂಗತಿ ಬೇಕು: ಒಳಹರಿವು ಇರಬೇಕು, ತೂಬು ಮುಚ್ಚಿರಬೇಕು.

ಒಳಹರಿವನ್ನು 2004ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಲಿಸಾ ಮೆಲ್‌ಮನ್, ಲಾರಿಂಡಾ ಜಾಫೆ ಮತ್ತು ಸಂಗಡಿಗರು ಕಂಡುಹಿಡಿದರು. ಅಂಡಾಣುವಿನ ಹೊರಪೊರೆಯಲ್ಲಿರುವ ಜಿಪಿಆರ್3 ಎಂಬ ಪ್ರೋಟೀನು ಸೈಕ್ಲಿಕ್ ಎಎಂಪಿ ಸದಾ ಉತ್ಪತ್ತಿಯಾಗುವಂತೆ ನೋಡಿಕೊಳ್ಳುತ್ತದೆ. ಈ ಪ್ರೋಟೀನಿಲ್ಲದ ಇಲಿಗಳಲ್ಲಿ ಅಂಡಾಣುಗಳು ಫಾಲಿಕಲ್ಲಿನೊಳಗಿದ್ದಾಗಲೇ, ಕಾಲ ಕೂಡಿ ಬರುವ ಮೊದಲೇ, ಎದ್ದುಬಿಡುತ್ತವೆ.

ತೂಬು ಯಾವುದು? ಸೈಕ್ಲಿಕ್ ಎಎಂಪಿಯನ್ನು ನಾಶಪಡಿಸುವ ಪಿಡಿಇ3ಎ ಎಂಬ ಕಿಣ್ವ. ಅದಕ್ಕೆ ಹಾಕಿದ ಬಿರಡೆಯೇ ಸೈಕ್ಲಿಕ್ ಜಿಎಂಪಿ ಎಂಬ ಇನ್ನೊಂದು ಅಣು. 2009ರಲ್ಲಿ ತಿಳಿದುಬಂದ ಸಂಗತಿಯೆಂದರೆ, ಈ ಬಿರಡೆಯನ್ನು ಒದಗಿಸುವುದು ಅಂಡಾಣುವಲ್ಲ, ಅದರ ನೆರೆಹೊರೆಯ ಕೋಶಗಳು. ಅಂಡಾಣುವಿಗೂ ಸುತ್ತಲಿನ ಕೋಶಗಳಿಗೂ ನಡುವೆ ಅತಿ ಸೂಕ್ಷ್ಮವಾದ ನಾಳಗಳಿವೆ. ಅವುಗಳ ಮೂಲಕ ಸೈಕ್ಲಿಕ್ ಜಿಎಂಪಿ ಸತತವಾಗಿ ಹರಿದುಬರುತ್ತದೆ.

ಕಡೆಯ ಕೊಂಡಿ 2010ರಲ್ಲಿ ಸಿಕ್ಕಿತು. ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಮೈಜಿಯಾ ಜಾಂಗ್, ಜಾನ್ ಎಪ್ಪಿಗ್ ಮತ್ತು ಸಂಗಡಿಗರು ಸಿಎನ್‌ಪಿ ಎಂಬ ಪುಟ್ಟ ಪ್ರೋಟೀನು ತುಣುಕನ್ನು ಗುರುತಿಸಿದರು. ಫಾಲಿಕಲ್ಲಿನ ಹೊರಗೋಡೆಯ ಕೋಶಗಳು ಇದನ್ನು ಸ್ರವಿಸುತ್ತವೆ. ಅಂಡಾಣುವನ್ನು ಸುತ್ತುವರಿದ ಒಳಗಿನ ಕೋಶಗಳು ಇದನ್ನು ಸ್ವೀಕರಿಸಿ ಸೈಕ್ಲಿಕ್ ಜಿಎಂಪಿ ತಯಾರಿಸುತ್ತವೆ. ಈ ಸಿಎನ್‌ಪಿಯನ್ನು ಜಪಾನಿನ ವಿಜ್ಞಾನಿಗಳು 1990ರಲ್ಲಿ ಪತ್ತೆ ಮಾಡಿದ್ದು ಹಂದಿಯ ಮೆದುಳಿನಲ್ಲಿ! ಅಂಡಾಣುವಿನ ಕಾವಲುಗಾರ ಇದೇ ಎಂದು ಆಗ ಯಾರೂ ಊಹಿಸಿರಲಾರರು. 1935ರ ಪಿಂಕಸ್ ಊಹೆಗೆ ಹೀಗೆ 2010ರಲ್ಲಿ ಹೆಸರು ಸಿಕ್ಕಿತು. ಬಟ್ಟಲಿನಲ್ಲಿಟ್ಟ ಅಂಡಾಣು ತಾನಾಗಿ ಮಾಗಿದ್ದೇಕೆಂದು ಈಗ ನಿಮಗೂ ಹೊಳೆದಿರಬೇಕು. ನೆರೆಹೊರೆಯಿಂದ ಬರುತ್ತಿದ್ದ ಬಿರಡೆ ತಪ್ಪಿಹೋಗಿತ್ತು.

ನೀರುಗಂಟಿಗೆ ಬಂದ ಆಜ್ಞೆ

ಇನ್ನು ಕರೆ ಬರುವ ಬಗೆ. ತಿಂಗಳಿಗೊಮ್ಮೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಹೆಚ್ಚಾಗಿ ಸುರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಅವರು ಪ್ರತಿಕಾಯಗಳ ನೆರವಿನಿಂದ ಈ ಹಾರ್ಮೋನಿನ ಕಾರ್ಯವನ್ನು ಅಭ್ಯಸಿಸಿ ಹೆಸರಾದವರು. ವಿಶೇಷವೆಂದರೆ ಎಲ್‌ಎಚ್‌ನ ಮಾತು ಅಂಡಾಣುವಿಗೆ ಕೇಳಿಸುವುದೇ ಇಲ್ಲ. ಅದನ್ನು ಗ್ರಹಿಸುವ ಪ್ರೋಟೀನು ಇರುವುದು ಫಾಲಿಕಲ್ಲಿನ ಹೊರಗೋಡೆಯ ಕೋಶಗಳಲ್ಲಿ. ಕಚೇರಿಯ ಆಜ್ಞೆ ನೀರಿಗೆ ಹೋಗುವುದಿಲ್ಲ, ನೀರುಗಂಟಿಗೆ ಹೋಗುತ್ತದೆ, ಹಾಗೆ.

ಹೊರಗೋಡೆಯ ಕೋಶಗಳು ಆಜ್ಞೆ ಪಡೆದು ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್ ಮೊದಲಾದ ಪ್ರೋಟೀನುಗಳನ್ನು ಒಳಗೆ ಕಳುಹಿಸುತ್ತವೆ ಎಂದು 2004ರಲ್ಲಿ ಮಾರ್ಕೊ ಕಾಂಟಿ ಅವರ ತಂಡ ತೋರಿಸಿತು. ಸುದ್ದಿ ಒಳಗೆ ತಲುಪುತ್ತಿದ್ದಂತೆ ಸೈಕ್ಲಿಕ್ ಜಿಎಂಪಿಯ ತಯಾರಿ ಕುಸಿಯುತ್ತದೆ, ನೆರೆಹೊರೆಯ ನಾಳಗಳು ಮುಚ್ಚಿಕೊಳ್ಳುತ್ತವೆ. ಬಿರಡೆ ಹೋದೊಡನೆ ತೂಬು ತೆರೆಯುತ್ತದೆ, ಕೆರೆ ಇಳಿಯುತ್ತದೆ, ಎಂಪಿಎಫ್ ಬಿಡುಗಡೆಯಾಗುತ್ತದೆ. ಹತ್ತಾರು ವರ್ಷ ನಿಂತಿದ್ದ ವಿಭಜನೆ ಗಂಟೆಗಳಲ್ಲಿ ಮುಂದಕ್ಕೆ ಸಾಗುತ್ತದೆ.

ಮಾತು ಒಂದೇ ಕಡೆಯಿಂದಲ್ಲ. ಅಂಡಾಣುವೂ ನೆರೆಯವರಿಗೆ ಸಂದೇಶ ಕಳುಹಿಸುತ್ತದೆ. ಅದು ಸ್ರವಿಸುವ ಜಿಡಿಎಫ್9 ಎಂಬ ಪ್ರೋಟೀನಿಲ್ಲದಿದ್ದರೆ ಫಾಲಿಕಲ್ ಬೆಳೆಯುವುದೇ ಇಲ್ಲ ಎಂದು 1996ರಲ್ಲಿ ಇಲಿಗಳಲ್ಲಿ ಸಿದ್ಧವಾಯಿತು. ನ್ಯೂಜಿಲೆಂಡಿನ ಇನ್ವರ್‌ಡೇಲ್ ಕುರಿಗಳ ಕಥೆ ಇನ್ನೂ ಸ್ವಾರಸ್ಯಕರ. ಬಿಎಂಪಿ15 ಎಂಬ ಇಂತಹ ಇನ್ನೊಂದು ಪ್ರೋಟೀನಿನ ಜೀನು ಒಂದು ಪ್ರತಿಯಲ್ಲಿ ಮಾತ್ರ ಕೆಟ್ಟಿದ್ದರೆ ಆ ಕುರಿ ಅವಳಿ ಜವಳಿ ಮರಿಗಳನ್ನು ಹೆಚ್ಚಾಗಿ ಹಾಕುತ್ತದೆ. ಎರಡೂ ಪ್ರತಿಗಳು ಕೆಟ್ಟಿದ್ದರೆ ಅದಕ್ಕೆ ಮರಿಯೇ ಆಗುವುದಿಲ್ಲ. 2000ದಲ್ಲಿ ಈ ಕಾರಣ ಬೆಳಕಿಗೆ ಬಂತು.

ಎದ್ದ ಅಂಡಾಣು ಇನ್ನೊಮ್ಮೆ ನಿಲ್ಲುತ್ತದೆ. ವಿಭಜನೆಯ ಎರಡನೆಯ ಹಂತದ ನಡುವೆ ಮಾಸ್ ಎಂಬ ಪ್ರೋಟೀನಿನ ಸಂದೇಶ ಅದನ್ನು ತಡೆದು ನಿಲ್ಲಿಸುತ್ತದೆ. ಜಪಾನಿನ ನೊರಿಯುಕಿ ಸಗಾಟಾ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಕಪ್ಪೆಯಲ್ಲಿ ಗುರುತಿಸಿದರು. 1994ರಲ್ಲಿ ಮಾಸ್ ಇಲ್ಲದ ಇಲಿಗಳನ್ನು ನೋಡಿದಾಗ, ಅವುಗಳ ಅಂಡಾಣುಗಳು ವೀರ್ಯಾಣುವಿಗೆ ಕಾಯದೆ ತಾವೇ ಬೆಳೆಯಲು ಹೊರಟು ಅಂಡಾಶಯದಲ್ಲಿ ಗೆಡ್ಡೆಗಳಾಗಿದ್ದವು. ತಡೆ ಇಲ್ಲದ ಬೆಳವಣಿಗೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇದೊಂದು ನಿದರ್ಶನ. ವೀರ್ಯಾಣು ಬಂದು ಈ ಎರಡನೆಯ ತಡೆಯನ್ನು ಬಿಡಿಸಿದಾಗ ಮಾತ್ರ ವಿಭಜನೆ ಪೂರ್ಣವಾಗಿ ಹೊಸ ಜೀವ ಆರಂಭವಾಗುತ್ತದೆ.

ಇದೆಲ್ಲ ಏಕೆ ಬೇಕು?

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಳು. ಮದುವೆಯಾಗಿ ಒಂಬತ್ತು ವರ್ಷ. ಎರಡು ಬಾರಿ ಚಿಕಿತ್ಸೆಯಾಗಿದೆ. ಅಂಡಾಣುಗಳು ಸಿಕ್ಕಿದರೂ ಅವು ಮಾಗಿಲ್ಲ ಎಂದು ವರದಿಯಲ್ಲಿ ಬರೆದಿದ್ದಾರೆ. ಮನೆಯಲ್ಲಿ ಹಿರಿಯರೊಬ್ಬರು, ಓದು, ಕೆಲಸ ಎಂದು ಅಲೆದಾಡಿದ್ದಕ್ಕೇ ಹೀಗಾಯಿತು ಎಂದರಂತೆ. "ಮೇಡಂ, ಮಾಗಿಲ್ಲ ಎಂದರೆ ಏನು? ನಾನು ಏನು ಮಾಡಿದ್ದರೆ ಅವು ಮಾಗುತ್ತಿದ್ದವು?" ಎಂದು ಕೇಳಿದ್ದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ, ಅವಳ ಶರೀರದಲ್ಲಿ ಏನಾಗಿದೆ ಎಂದು ಹೇಳಬಲ್ಲವರು ಅವಳ ವೈದ್ಯರು. ಆದರೆ ಇತಿಹಾಸ ಕಲಿಸಿರುವುದನ್ನು ಹೇಳಬಲ್ಲೆ. ಅಂಡಾಣು ಮಾಗುವುದೆಂದರೆ ಇಷ್ಟೊಂದು ಪ್ರೋಟೀನುಗಳು, ಇಷ್ಟೊಂದು ಸಂದೇಶಗಳು ಸರಿಯಾದ ಕ್ರಮದಲ್ಲಿ ನಡೆಯಬೇಕು. ಒಂದು ಕೊಂಡಿ ಕಳಚಿದರೂ ಅದು ನಿಂತಲ್ಲೇ ನಿಲ್ಲುತ್ತದೆ. ಚೀನಾದ ಶಾಂಘೈನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂಡಾಣುಗಳು ಮಾಗದೆ ನಿಂತುಹೋಗುವ ಕೆಲವು ಮಹಿಳೆಯರಲ್ಲಿ ಟಿಯುಬಿಬಿ8 ಎಂಬ ಜೀನಿನ ದೋಷ ಕಂಡುಬಂತು. ಅದು ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳ ಪ್ರೋಟೀನಿನ ಜೀನು. ಹಲವು ಕುಟುಂಬಗಳಲ್ಲಿ ಆ ದೋಷ ಮಗಳಿಗೆ ಬಂದದ್ದು ತಂದೆಯಿಂದ! ತಂದೆಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ, ತಿಳಿದೂ ಇರಲಿಲ್ಲ. 2018ರಲ್ಲಿ ಡಬ್ಲ್ಯುಇಇ2 ಎಂಬ ಸಂಕೇತ ಪ್ರೋಟೀನಿನ ದೋಷದಿಂದ ಮಾಗಿದ ಅಂಡಾಣುವೂ ಫಲಿತವಾಗದಿರುವುದು ತಿಳಿದುಬಂತು. ಇಂತಹ ದೋಷಗಳಿಗೆ ಓದು, ನೌಕರಿ, ಜಾತಕ, ಗುಣ, ಯಾವುದೂ ಕಾರಣವಲ್ಲ. ವಯಸ್ಸು ಹೆಚ್ಚಿದಂತೆ ಅಂಡಾಣುಗಳ ಗುಣಮಟ್ಟ ಇಳಿಯುವುದು ನಿಜ. ಆದರೆ ಮಕ್ಕಳಾಗದ ಪ್ರತಿಯೊಬ್ಬ ಹೆಣ್ಣಿನ ಮೇಲೂ ಅದೊಂದೇ ಮಾತನ್ನು ಹೊರಿಸುವುದು ಅಜ್ಞಾನ, ಅನೇಕ ಬಾರಿ ಕ್ರೌರ್ಯ.

ಈ ಜ್ಞಾನದಿಂದ ಪ್ರಯೋಜನವೂ ಆಗಿದೆ. ಮಾಗದ ಅಂಡಾಣುಗಳನ್ನು ಹೊರತೆಗೆದು ಬಟ್ಟಲಿನಲ್ಲಿ ಮಾಗಿಸಿ ಮಗು ಪಡೆಯುವ ವಿಧಾನ 1991ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲು ಫಲಿಸಿತು. ಬಟ್ಟಲಿನಲ್ಲಿ ಅಂಡಾಣು ಅವಸರದಿಂದ ಮಾಗುವುದು ಅದರ ದೊಡ್ಡ ತೊಡಕು. ಕೋಶಕೇಂದ್ರ ಸಿದ್ಧವಾದರೂ ಉಳಿದ ಭಾಗ ಸಿದ್ಧವಾಗಿರುವುದಿಲ್ಲ. ಈಗ ಬ್ರಸೆಲ್ಸ್ ಮತ್ತು ವಿಯೆಟ್ನಾಮಿನ ಸಂಶೋಧಕರು ಅದೇ ಸಿಎನ್‌ಪಿಯನ್ನು ಮೊದಲು ದ್ರವಕ್ಕೆ ಬೆರೆಸಿ ಅಂಡಾಣುವನ್ನು ಒಂದು ದಿನ ತಡೆದು ನಿಲ್ಲಿಸಿ, ಆ ಬಳಿಕ ಮಾಗಲು ಬಿಡುವ ಕ್ರಮವನ್ನು ರೂಪಿಸಿದ್ದಾರೆ. ಆ ಕ್ರಮದಿಂದ ಮಕ್ಕಳೂ ಜನಿಸಿವೆ. ಚಿಕಿತ್ಸೆಯಲ್ಲೂ ಬೇಕಾದದ್ದು ಅವಸರಪಡಿಸುವುದಲ್ಲ, ಸರಿಯಾದ ಕಾಲದವರೆಗೆ ಕಾಯಿಸುವುದು ಎಂಬುದು ಎಷ್ಟು ಸೋಜಿಗ!

ಆ ಹುಡುಗಿಗೆ ನಾನು ಬರೆದ ಉತ್ತರದ ಸಾರಾಂಶವೇ ಈ ಲೇಖನ. ನೀನು ಏನು ಮಾಡಿದ್ದರೂ ಮಾಡದಿದ್ದರೂ ಆ ಪ್ರೋಟೀನುಗಳಿಗೆ ಅದು ತಿಳಿಯುತ್ತಿರಲಿಲ್ಲ ಮಗಳೇ, ವರದಿಯನ್ನು ವೈದ್ಯರಿಗೆ ತೋರಿಸು, ಪ್ರಶ್ನೆ ಕೇಳು, ಮನೆಯ ಹಿರಿಯರಿಗೆ ಇದನ್ನು ಓದಿ ಹೇಳು ಎಂದೂ ಸೇರಿಸಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಅತ್ತೆ ಮಾವಂದಿರಾಗಿದ್ದೀರಿ, ಅಜ್ಜ ಅಜ್ಜಿಯರಾಗಿದ್ದೀರಿ. ನಿಮ್ಮ ಮನೆಗಳಲ್ಲಿ ಇಂತಹ ಮಾತು ಬಂದಾಗ ಈ ಇತಿಹಾಸ ನೆನಪಾದರೆ ಸಾಕು.

ಎಲ್ಲರಿಗೂ ಶುಭವಾಗಲಿ. ಮುಂದಿನ ಬಾರಿ ಇಷ್ಟು ದೀರ್ಘವಲ್ಲದ ವಿಷಯದೊಂದಿಗೆ ಭೇಟಿಯಾಗೋಣ.